ಗೋಣಿಮರದ ಬುಡದಲ್ಲಿ

ಕೋವಿ ನನ್ನ ಕೈಗೆ ಬಂದದ್ದು 1966ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಅದಕ್ಕೂ ಮೊದಲು ಎರಡು ವರ್ಷ ಚಿಕ್ಕಪ್ಪನ ಹಿಂದೆ ಬರಿಗೈಯಲ್ಲಿ ಅಲೆದಿದ್ದೆ. ಮೂಡಿಗೆರೆ ಸೀಮೆಯ ನಮ್ಮೂರಿನಲ್ಲಿ ಹಕ್ಕಿ ಶಿಕಾರಿ ಕಲಿಯುವ ಕ್ರಮವೇ ಅದು. ಕ್ಯಾಟರ್‌ಬಿಲ್ಲಿನಲ್ಲಿ ಪಿಕಳಾರ ಬೀಳಿಸಿದ ಹುಡುಗನನ್ನು ಯಾರೂ ಶಿಕಾರಿಯವನೆಂದು ಲೆಕ್ಕಕ್ಕಿಡುತ್ತಿರಲಿಲ್ಲ.

ಚಿಕ್ಕಪ್ಪನದು ಒಂಟಿನಳಿಗೆಯ ಕೇಪಿನ ಕೋವಿ. ಮದ್ದು ಸುರಿದು, ತೆಂಗಿನ ನಾರು ತುರುಕಿ ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಕೂರಿಸಬೇಕು. ಮದ್ದಿಗೆ ಶೀತ ಹಿಡಿದರೆ ಕುದುರೆ ಎಳೆದರೂ ಈಡು ಹಾರುತ್ತಿರಲಿಲ್ಲ. ಒಂದು ಈಡು ತಪ್ಪಿದರೆ, ಮತ್ತೆ ತುಂಬುವಷ್ಟರಲ್ಲಿ ಹಕ್ಕಿ ಗುಡ್ಡ ದಾಟಿರುತ್ತಿತ್ತು. ಆ ಕೋವಿ ಹಿಡಿದವನು ಕಾಯುವುದನ್ನು ಕಲಿಯದೆ ಗತಿಯಿರಲಿಲ್ಲ.

ನಾವು ಕಾಯುತ್ತಿದ್ದುದು ತೋಟದಂಚಿನ ಗೋಣಿಮರದ ಬುಡದಲ್ಲಿ. ಮರ ಹಣ್ಣು ಬಿಟ್ಟಾಗ ಬೆಳಕು ಹರಿಯುವ ಮುಂಚೆಯೇ ಹೋಗಿ ಕೂರಬೇಕು. ಹಸುರು ಪಾರಿವಾಳಗಳ ಹಿಂಡು ಬಂದಿಳಿದ ಸದ್ದು ಕೇಳಿಸುತ್ತದೆ, ಮನುಷ್ಯ ಸಿಳ್ಳೆ ಹಾಕಿದಂಥ ದನಿಯೂ ಕೇಳಿಸುತ್ತದೆ. ಕಣ್ಣಿಗೆ ಮಾತ್ರ ಬರೀ ಎಲೆ. "ಹಕ್ಕಿ ಹುಡುಕಬೇಡ ಮಗಾ, ಹಣ್ಣು ಎಲ್ಲಿಂದ ಉದುರುತ್ತೆ ನೋಡು" ಅನ್ನುತ್ತಿದ್ದರು ಚಿಕ್ಕಪ್ಪ. ಉದುರಿದ ಹಣ್ಣಿನ ಜಾಡಿನಲ್ಲೇ ಕಣ್ಣು ಮೇಲಕ್ಕೊಯ್ದರೆ, ಎಲೆಯೊಂದು ಕತ್ತು ಚಾಚುತ್ತಿತ್ತು. ಆ ಕ್ಷಣದ ಪುಲಕ ಈಡು ಹೊಡೆದಾಗಲೂ ನನಗೆ ಆದದ್ದಿಲ್ಲ.

ಅವರ ಕಟ್ಟುಪಾಡು ಬಿಗಿ. ಮರಿ ಕಟ್ಟಿಕೊಂಡು ತಿರುಗುವ ಕಾಡುಕೋಳಿ ಹೇಂಟೆಗೆ ಕೋವಿ ಎತ್ತುವಂತಿಲ್ಲ. ಒಂದು ಹೊತ್ತಿಗೆ ಎರಡು ಹಕ್ಕಿ ಸಾಕು. ಗಾಯಗೊಂಡದ್ದನ್ನು ಬಿಟ್ಟು ಮನೆಗೆ ಬರುವಂತಿಲ್ಲ. ನನ್ನ ಮೊದಲ ಈಡಿಗೆ ಪಾರಿವಾಳದ ರೆಕ್ಕೆ ಮುರಿದು ಅದು ಲಂಟಾನದ ಮೆಳೆಗೆ ಬಿತ್ತು. ಮೈಕೈ ಪರಚಿಕೊಂಡು ಮಧ್ಯಾಹ್ನದವರೆಗೆ ಹುಡುಕಿದೆವು. ಸಿಕ್ಕಾಗ ಇನ್ನೂ ಜೀವವಿತ್ತು. ನನ್ನ ಅಂಗೈಯಲ್ಲಿ ಅದರ ಎದೆ ಹೊಡೆದುಕೊಳ್ಳುತ್ತಿದ್ದುದು ಈಗಲೂ ನೆನಪಿದೆ. ಅಡುಗೆಮನೆಯಲ್ಲಿ ಕೊಯ್ದಾಗ ಅದರ ಗಂಟಲಚೀಲದ ತುಂಬ ಗೋಣಿಹಣ್ಣು.

ಆಮೇಲಾಮೇಲೆ ಜೀಪು ಬಂತು, ಜೋಡುನಳಿಗೆಯ ತೋಟಾಕೋವಿ ಬಂತು, ಐದು ಸೆಲ್ಲಿನ ಟಾರ್ಚು ಬಂತು. ರಾತ್ರಿ ಕೊಂಬೆಯಲ್ಲಿ ನಿದ್ದೆಹೋದ ಹಕ್ಕಿಗಳಿಗೆ ಬೆಳಕು ಬಿಟ್ಟು ಸಾಲಾಗಿ ಬೀಳಿಸುವವರು ಹುಟ್ಟಿಕೊಂಡರು. ಅದನ್ನು ಶಿಕಾರಿಯೆಂದು ಕರೆಯಲು ಚಿಕ್ಕಪ್ಪ ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಲೈಸೆನ್ಸ್ ಪಡೆದು ಸಣ್ಣ ಬೇಟೆಯಾಡಲು ಅದರಲ್ಲಿ ಉಳಿದಿದ್ದ ಅವಕಾಶವೂ 1991ರ ತಿದ್ದುಪಡಿಯಿಂದ ಹೋಯಿತು. ಸರಿಯಾಗೇ ಆಯಿತು. ಚಿಕ್ಕಪ್ಪನ ಕೋವಿ ಅಟ್ಟ ಸೇರಿತು. ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಒಪ್ಪಿಸಿ ಬರಲು ಮಾತ್ರ ಕೆಳಗಿಳಿಯುತ್ತಿತ್ತು.

ಹಕ್ಕಿಯ ಹುಚ್ಚು ಕೋವಿಯೊಂದಿಗೆ ಹೋಗಲಿಲ್ಲ. ಸಲೀಂ ಅಲಿಯವರೂ ಹುಡುಗರಾಗಿದ್ದಾಗ ಏರ್‌ಗನ್ನಿನಲ್ಲಿ ಹೊಡೆದ ಗುಬ್ಬಿಯ ಹಳದಿ ಕತ್ತು ಕಂಡು ಹಕ್ಕಿಗಳ ಬೆನ್ನು ಹತ್ತಿದವರು. ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು 1939-40ರಲ್ಲಿ ಮಾಡಿದವರೂ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಕಾರಣರಾದವರೂ ಅವರೇ. ನಮ್ಮ ಮೂಡಿಗೆರೆಯಲ್ಲೇ ಇದ್ದ ತೇಜಸ್ವಿಯವರು ಕ್ಯಾಮೆರಾ ಹೊತ್ತು ಹಕ್ಕಿಗಳಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದವರು. ನಾನೂ ಒಂದು ಬೈನಾಕ್ಯುಲರ್ ಕೊಂಡೆ. ಅದೇ ಮರದ ಬುಡ, ಅದೇ ಕಾಯುವಿಕೆ.

ಆದರೆ ಕೋವಿಗಳು ಸುಮ್ಮನಾದ ಮೇಲೂ ಹಿಂಡುಗಳು ಸಣ್ಣವಾಗುತ್ತಲೇ ಹೋದವು. ತೋಟಗಳಲ್ಲಿ ನೆರಳಿಗಿದ್ದ ಗೋಣಿ, ಬಸರಿ, ಅತ್ತಿಮರಗಳನ್ನು ತೆಗೆದು ಸಿಲ್ವರ್ ಓಕ್ ಹಾಕಿದೆವು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಕಡಿದು ಮಾರಬಹುದು. ಪಾರಿವಾಳಕ್ಕೆ ತಿನ್ನಲು ಅದರಲ್ಲಿ ಒಂದು ಹಣ್ಣೂ ಇಲ್ಲ. ನಮ್ಮೂರಿನ ಮಟ್ಟಿಗೆ, ನಾನು ಕಂಡಂತೆ, ಕೇಪಿನ ಕೋವಿಗಿಂತ ಹೆಚ್ಚು ಹಕ್ಕಿಗಳನ್ನು ಓಡಿಸಿದ್ದು ಕೊಡಲಿ.

ನಮ್ಮ ಗೋಣಿಮರ ಇನ್ನೂ ನಿಂತಿದೆ. ಹೋದ ವರ್ಷ ಅದು ಹಣ್ಣು ಬಿಟ್ಟಾಗ ಒಂದು ಬೆಳಿಗ್ಗೆ ಹನ್ನೊಂದು ಹಸುರು ಪಾರಿವಾಳ ಎಣಿಸಿದೆ. ನಿಮ್ಮ ತೋಟದಲ್ಲೂ ಅಂಥದೊಂದು ಮರ ಉಳಿದಿದ್ದರೆ ದಯವಿಟ್ಟು ಕಡಿಸಬೇಡಿ.