ಫೋರ್ ನದಿಯ ದಂಡೆಯಲ್ಲಿ

ಅಮೆರಿಕದ ಬೋಸ್ಟನ್ ನಗರದಿಂದ ದಕ್ಷಿಣಕ್ಕೆ ಕಡಲಂಚಿನ ದಾರಿ ಹಿಡಿದರೆ ಫೋರ್ ನದಿಯ ಸೇತುವೆ ಸಿಗುತ್ತದೆ. ಈಚೆ ಕ್ವಿನ್ಸಿ, ಆಚೆ ವೇಮತ್. ಸೇತುವೆಯ ಬಳಿಯಲ್ಲೇ, ಹಿಂದೊಮ್ಮೆ ಕಲ್ಲಿದ್ದಲ ಬೂದಿ ತುಂಬಿದ್ದ ನೆಲದ ಮೇಲೆ, ನೈಸರ್ಗಿಕ ಅನಿಲದ ಕಂಪ್ರೆಸರ್ ಸ್ಟೇಷನ್ ನಿಂತಿದೆ. ಜನವಸತಿ ದೂರವೇನಿಲ್ಲ.

ನಮ್ಮ ಕಾಸರಗೋಡಿನ ನೆಲದಡಿಯಲ್ಲೂ 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಅನಿಲದ ಕೊಳವೆ ಹಾದುಹೋಗಿದೆಯಷ್ಟೆ. ಕೊಳವೆಯಲ್ಲಿ ಬಹುದೂರ ಸಾಗಿದ ಅನಿಲ ಘರ್ಷಣೆಯಿಂದ ಒತ್ತಡ ಕಳೆದುಕೊಳ್ಳುತ್ತದೆ. ಅದನ್ನು ಮತ್ತೆ ಅದುಮಿ ಮೇನ್ ರಾಜ್ಯ, ಕೆನಡಗಳ ಕಡೆಗೆ ನೂಕುವುದು ವೇಮತ್ತಿನ 7,700 ಅಶ್ವಶಕ್ತಿಯ ಯಂತ್ರದ ಕೆಲಸ. ಯಂತ್ರಕ್ಕೆ ಉರುವಲೂ ಅದೇ ಅನಿಲ. ಹೊಗೆ ಕಣ್ಣಿಗೆ ಕಾಣದು. ಆದರೆ ನೈಟ್ರೋಜನ್ ಆಕ್ಸೈಡುಗಳೂ ಅಷ್ಟಿಷ್ಟು ಫಾರ್ಮಾಲ್ಡಿಹೈಡೂ ಅದರಲ್ಲಿರುತ್ತವೆ. ತುರ್ತು ಸಂದರ್ಭದಲ್ಲಿ ಯಂತ್ರ ನಿಲ್ಲಿಸಿದಾಗ ಒಳಗಿನ ಅನಿಲವನ್ನು ಆಕಾಶಕ್ಕೆ ಬಿಡುತ್ತಾರೆ. ಸ್ಫೋಟವಾಗದಿರಲೆಂದೇ ಈ ಏರ್ಪಾಡು. ಕಾಯುವ ಉಪಾಯವೇ ಗಾಳಿಯನ್ನು ಕೆಡಿಸುವುದು ವಿಚಿತ್ರವಲ್ಲವೆ?

ವರ್ಷಗಟ್ಟಲೆ ವಿರೋಧಿಸಿದ್ದ ಊರವರ ಅಂಜಿಕೆ ನಿಜವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 2020ರ ಸೆಪ್ಟೆಂಬರ್ ತಿಂಗಳೊಂದರಲ್ಲೇ, 11ರಂದು ಮತ್ತು 30ರಂದು, ಎರಡು ಸಲ ಅನಿಲ ಹೊರಬಿತ್ತು. ಆಗಿನ್ನೂ ಸ್ಟೇಷನ್ ಪೂರ್ಣವಾಗಿ ಕೆಲಸಕ್ಕೆ ತೊಡಗಿರಲಿಲ್ಲ. ತೊಡಗಿದ್ದು 2021ರ ಜನವರಿಯಲ್ಲಿ. ಮರುವರ್ಷದ ಜನವರಿಯಲ್ಲಿ, ಅನುಮತಿ ನೀಡಿದ್ದ ಕೇಂದ್ರ ಇಂಧನ ನಿಯಂತ್ರಣ ಆಯೋಗದ ಅಧ್ಯಕ್ಷರೇ, ಈ ಜಾಗಕ್ಕೆ ಒಪ್ಪಿದ್ದು ಬಹುಶಃ ತಪ್ಪಾಯಿತೆಂದು ಹೇಳಿದರು. ಆದರೂ ಆಯೋಗ ಅನುಮತಿಯನ್ನು ಹಿಂತೆಗೆಯಲಿಲ್ಲ.