ಹಳೆಯ ಎಂಜಿನ್, ಹೊಸ ಎಂಜಿನ್

ಚೆನ್ನೈನ ಕ್ರೋಂಪೇಟೆಯಲ್ಲಿ ಕಡಲಿಲ್ಲ. ಜಿಎಸ್‌ಟಿ ರಸ್ತೆಯ ಗದ್ದಲವಿದೆ, ತಾಂಬರಂ ಕಡೆಗೆ ಓಡುವ ಲೋಕಲ್ ರೈಲಿದೆ. ಆದರೂ ಈ ವಾರವೆಲ್ಲ ನನ್ನ ತಲೆಯಲ್ಲಿ ದೋಣಿಯೇ. ಮಲ್ಪೆ ಕಡೆಯ ನೆಂಟರೊಬ್ಬರು ಫೋನಿನಲ್ಲಿ ಕೇಳಿದರು: ನಾಡದೋಣಿಯ ಸೀಮೆಎಣ್ಣೆ ಎಂಜಿನ್ ಮುದಿಯಾಗಿದೆ, ಮತ್ತೊಮ್ಮೆ ಬಿಚ್ಚಿ ರಿಪೇರಿ ಮಾಡಿಸುವುದೋ, ಹೊಸದನ್ನೇ ಕೂರಿಸುವುದೋ?

ಎಂಜಿನ್ ವಿಷಯಕ್ಕೆ ಕ್ರೋಂಪೇಟೆಯನ್ನು ಕೇಳಬಹುದು. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದು ಇಲ್ಲೇ. 1949ರಲ್ಲಿ ಸಿ. ರಾಜಂ ತಮ್ಮ ಮನೆ ಮಾರಿದ ಹಣದಿಂದ ಕಟ್ಟಿದ ಸಂಸ್ಥೆಯದು. ವಿಮಾನ, ಆಟೊಮೊಬೈಲ್ ಎರಡನ್ನೂ ಮೊದಲಿನಿಂದಲೂ ಕಲಿಸಿತು. ಅಲ್ಲಿ ಓದಿದ ಅಬ್ದುಲ್ ಕಲಾಂ ದೋಣಿಯ ಮನೆಯವರು. ಯಾತ್ರಿಕರನ್ನು ಸಾಗಿಸಲು ಅವರ ತಂದೆ ರಾಮೇಶ್ವರದಲ್ಲಿ ಕಟ್ಟಿಸಿದ ಮರದ ದೋಣಿಯನ್ನು ಚಂಡಮಾರುತ ಹೊತ್ತೊಯ್ದಿತು. ಮುಂದೆ ಮಗ ಇಲ್ಲಿ ಸೇರುವಾಗ ಶುಲ್ಕಕ್ಕೆಂದು ಅಕ್ಕ ಜೊಹರಾ ಚಿನ್ನದ ಬಳೆ, ಸರ ಅಡವಿಟ್ಟರು. ನಮ್ಮ ಕರಾವಳಿಯಲ್ಲಿ ಎಂಜಿನ್ ಬಂದಿರುವುದೂ ಎಷ್ಟೋ ಸಲ ಹೆಂಗಸರ ಕೊರಳಿನ ಚಿನ್ನದಿಂದಲೇ. ಹಾಗಾಗಿ ಈ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡಲಾಗದು.

ಎಂಜಿನ್ನಿನ ವಯಸ್ಸನ್ನು ವರ್ಷದಲ್ಲಿ ಎಣಿಸಬಾರದು. ಪ್ಲಗ್ ಬಿಚ್ಚಿ, ಗೇಜ್ ಹಾಕಿ ಕಂಪ್ರೆಷನ್ ನೋಡಬೇಕು. ಎರಡು ಸಿಲಿಂಡರ್‌ಗಳಲ್ಲೂ ಒತ್ತಡ ಸಾಕಷ್ಟಿದ್ದು, ಸಮನಾಗಿಯೂ ಇದ್ದರೆ ಅದಕ್ಕಿನ್ನೂ ಜೀವವಿದೆ. ದಡಕ್ಕೆ ಬಂದ ಮೇಲೆ ಸಿಹಿನೀರು ಹರಿಸಿ ತೊಳೆದ ಎಂಜಿನ್ ಹೆಚ್ಚು ಕಾಲ ಬಾಳುತ್ತದೆ. ತೊಳೆಯದಿದ್ದರೆ ತಂಪುನೀರಿನ ದಾರಿಯಲ್ಲಿ ಉಪ್ಪು ಕಟ್ಟಿಕೊಂಡು ಬೇಗ ಸೀಯುತ್ತದೆ. ಆಮೇಲೆ ಎಂಜಿನ್ ಕೂರಿಸುವ ಹಲಗೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಸದ್ದು ಬಂದರೆ ಸರಿ, ಮೆತ್ತಗೆ ಕೇಳಿದರೆ ಒಳಗೆ ಕೊಳೆತಿದೆ. ಕೊಳೆತ ಹಲಗೆಗೆ ಹೊಸ ಎಂಜಿನ್ ಬಿಗಿಯುವುದು ಹಣವನ್ನು ನೀರಿಗೆ ಹಾಕಿದಂತೆ.

ಇನ್ನು ಶಕ್ತಿಯ ಆಸೆ. ಬದಲಿಸುವುದೇ ಆದರೆ ದೊಡ್ಡದನ್ನೇ ತರೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಎಂಜಿನ್ ಇರುವ ದೋಣಿಗಳಲ್ಲಿ ಕಡಲಿಗಿಳಿಯಬಹುದಾದದ್ದು 10 ಅಶ್ವಶಕ್ತಿಯೊಳಗಿನ ಮೋಟಾರಿನ ನಾಡದೋಣಿಗಳು ಮಾತ್ರ. ನಾಡದೋಣಿಯವರು ಕಾಯುವುದು ಆ ಮಳೆಗಾಲವನ್ನೇ. ದೊಡ್ಡ ಎಂಜಿನ್ ತಂದರೆ ಆ ಎರಡು ತಿಂಗಳ ದುಡಿಮೆಯೇ ಕೈಬಿಡುತ್ತದೆ.

ಉಳಿದದ್ದು ಇಂಧನ. ಈ ಎಂಜಿನ್ನುಗಳನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಇವು ಹೆಚ್ಚಾಗಿ ಟೂ ಸ್ಟ್ರೋಕ್. ಅದರಲ್ಲಿ ಸುಟ್ಟ ಹೊಗೆಯನ್ನು ಹೊರದಬ್ಬುವ ಕೆಲಸವನ್ನು ಹೊಸದಾಗಿ ಒಳಬರುವ ಇಂಧನವೇ ಮಾಡುತ್ತದೆ. ಆ ಗಳಿಗೆಯಲ್ಲಿ ಎರಡೂ ದ್ವಾರ ತೆರೆದಿರುವುದರಿಂದ ಉರಿಯದ ಇಂಧನ, ಅದರಲ್ಲಿ ಬೆರೆತ ಆಯಿಲ್ ಸಮೇತ ಜಾರಿಹೋಗುತ್ತದೆ. ದೋಣಿಯ ಹೊರಗೆ ಬಿಗಿಯುವ ಇಂಥ ಔಟ್‌ಬೋರ್ಡ್ ಎಂಜಿನ್ ಹೊಗೆ ಬಿಡುವುದು ನೀರಿನೊಳಗೇ ಆದ್ದರಿಂದ ಅದೆಲ್ಲ ಸೇರುವುದು ಕಡಲಿಗೆ. ಅಮೆರಿಕದ ಟಾಹೋ ಸರೋವರದಲ್ಲಿ ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್ನುಗಳನ್ನು 1999ರ ಜೂನ್‌ನಿಂದ ನಿಷೇಧಿಸಿದ್ದು ಇದಕ್ಕೇ. ಮೋಜಿನ ವಾಟರ್ ಸ್ಕೂಟರ್‌ಗಳೂ 2002ರ ಸುಮಾರಿಗೆ, ಇಂಧನ ಹೀಗೆ ಜಾರಿಹೋಗದ ಫೋರ್ ಸ್ಟ್ರೋಕ್‌ನತ್ತ ಹೊರಳಿದವು.

ನೀರು ಕೆಟ್ಟರೆ ಏನಾಗುತ್ತದೆಂದು ಕ್ರೋಂಪೇಟೆಗೆ ಚೆನ್ನಾಗಿ ಗೊತ್ತು. 1912ರ ಕ್ರೋಮ್ ಲೆದರ್ ಕಾರ್ಖಾನೆಯಿಂದ ಈ ಊರಿಗೆ ಹೆಸರು ಬಂತು. ಪಲ್ಲಾವರಂವರೆಗೂ ಹಬ್ಬಿದ ಚರ್ಮ ಹದ ಮಾಡುವ ಘಟಕಗಳಿಂದ ಇಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ ಬಂತು. ಚರ್ಮದ ಕೆಲಸ ನೂರಾರು ಮನೆಗಳಿಗೆ ಅನ್ನ ಕೊಟ್ಟಿತು, ನಿಜ. ಆದರೆ ಬಾವಿಯೊಳಗೆ ಸೇರಿದ್ದನ್ನು ಹೊರತೆಗೆಯುವ ರಿಪೇರಿ ಯಾವ ವರ್ಕ್‌ಶಾಪಿನಲ್ಲೂ ನಡೆಯುವುದಿಲ್ಲ. ಮೀನುಗಾರನಿಗಂತೂ ನೀರೇ ಹೊಲ, ನೀರೇ ಉಗ್ರಾಣ.

ಆದ್ದರಿಂದ ನೆಂಟರಿಗೆ ನಾನು ಹೇಳಿದ್ದು ಇಷ್ಟು: ಕಂಪ್ರೆಷನ್ ಸರಿಯಿದ್ದರೆ ಈ ಮಳೆಗಾಲ ಹಳೆಯದರಲ್ಲೇ ದುಡಿಯಿರಿ, ಅಷ್ಟರಲ್ಲಿ ಹಣ ಕೂಡಿಸಿ. ಕಂಪ್ರೆಷನ್ ಬಿದ್ದಿದ್ದು ಹಲಗೆ ಗಟ್ಟಿಯಿದ್ದರೆ ರಿಪೇರಿಗೆ ಸುರಿಯಬೇಡಿ. ಅದೇ 10 ಅಶ್ವಶಕ್ತಿಯ ಮಿತಿಯೊಳಗೆ ಪೆಟ್ರೋಲಿನ ಫೋರ್ ಸ್ಟ್ರೋಕ್ ತನ್ನಿ. ತೂಕ ತುಸು ಹೆಚ್ಚು, ಆಯಿಲ್ ಬದಲಿಸುವ ಶಿಸ್ತು ಬೇಕು, ಲೀಟರಿನ ಬೆಲೆಯೂ ಜಾಸ್ತಿ. ಆದರೆ ಕುಡಿಯುವುದು ಕಡಿಮೆ, ಸೀಮೆಎಣ್ಣೆಯ ಕೋಟಾಕ್ಕೆ ಕಾಯುವ ಗೋಳೂ ಇಲ್ಲ. 2023–24ರ ರಾಜ್ಯ ಬಜೆಟ್ಟಿನಲ್ಲಿ ಈ ಬದಲಾವಣೆಗೆ 50 ಸಾವಿರ ರೂಪಾಯಿ ಸಹಾಯಧನ ಘೋಷಣೆಯಾಗಿತ್ತು. ಈಗ ಅದು ಹೇಗೆ ಸಿಗುತ್ತದೆಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಯಾವ ಕಂಪನಿಯದು ಕೊಳ್ಳಬೇಕೆಂಬುದನ್ನು ಮಾತ್ರ ನಿಮ್ಮ ಬಂದರಿನ ಮೆಕ್ಯಾನಿಕ್ ಹತ್ತಿರ ಕೇಳಿ. ನಡುಮಳೆಗಾಲದಲ್ಲಿ ಎಂಜಿನ್ ನಿಂತರೆ ಬಿಚ್ಚಿ ಜೋಡಿಸಿ ಕೊಡಬೇಕಾದವರು ಅವರು.