ಬುನ್ಯಾ ಬೆಟ್ಟದ ದಾಸೋಹ

2024ರ ಮಹಾಶಿವರಾತ್ರಿಯನ್ನು ನಾವು ಆಸ್ಟ್ರೇಲಿಯ ದೇಶದ ಬ್ರಿಸ್ಬೇನ್ ನಗರದಲ್ಲಿ, ಮಗಳ ಮನೆಯಲ್ಲಿ ಆಚರಿಸಿದೆವು. ಹಬ್ಬ ಮುಗಿದ ಮರುವಾರ ಅಳಿಯಂದಿರು ಒಂದು ಸೂಚನೆಯನ್ನು ಮುಂದಿಟ್ಟರು. ಅವರಿಬ್ಬರಿಗೂ ರಜೆ ಇಲ್ಲ; ನಾವು ದಂಪತಿಗಳೇ ಅವರ ಕಾರು ಮತ್ತು ಡೇರೆಯನ್ನು ತೆಗೆದುಕೊಂಡು ಐದಾರು ದಿನ ಬೆಟ್ಟ, ಕಾಡು, ಕಡಲತೀರಗಳನ್ನು ನೋಡಿ ಬರಬೇಕು. ಆ ದೇಶದಲ್ಲಿ ವಯಸ್ಸಾದ ಗಂಡಹೆಂಡತಿ ಹೀಗೆ ಡೇರೆ ಕಟ್ಟಿಕೊಂಡು ತಿರುಗುವುದು ತೀರ ಸಾಮಾನ್ಯವಂತೆ. ಬ್ರಿಸ್ಬೇನ್ ಪಟ್ಟಣ ಮಕರ ಸಂಕ್ರಾಂತಿ ವೃತ್ತದಿಂದ ಕೆಳಗೆ, ದಕ್ಷಿಣ ಅಕ್ಷಾಂಶದ 27 ಅಂಶದಲ್ಲಿದೆ. ನಮಗೆ ಬೇಸಿಗೆ ಏರುವ ಮಾರ್ಚ್ ತಿಂಗಳು ಅಲ್ಲಿ ಬೇಸಿಗೆ ಇಳಿಯುವ ಕಾಲ.

ನಮಗೆ ಕಾರು ನಡೆಸಲು ಬಾರದು. ಮಠದ ಪ್ರಸಾದನಿಲಯದಲ್ಲಿ ಓದಿದವರಿಗೆ ಆ ಕಾಲದಲ್ಲಿ ಸೈಕಲ್ಲೇ ದೊಡ್ಡದು. ಮನೆಯವರು ಮಾತ್ರ ಪ್ರೌಢಶಾಲೆಯ ಶಿಕ್ಷಕಿಯಾಗಿದ್ದಾಗಲೇ ಧಾರವಾಡದಲ್ಲಿ ಕಲಿತು, ಇಪ್ಪತ್ತೈದು ವರ್ಷ ನಮ್ಮನ್ನು ವ್ಯಾಖ್ಯಾನಗಳಿಗೆ, ಪ್ರವಚನಗಳಿಗೆ ಕರೆದೊಯ್ದವರು. ಆಸ್ಟ್ರೇಲಿಯದಲ್ಲಿಯೂ ವಾಹನಗಳು ನಮ್ಮಂತೆಯೇ ರಸ್ತೆಯ ಎಡಕ್ಕೆ ಹೋಗುವುದರಿಂದ ಅವರಿಗೆ ಅಂಜಿಕೆ ಇರಲಿಲ್ಲ. ಅಂಜಿಕೆ ಇದ್ದುದು ನಮಗೆ. ಕಾಡಿನಲ್ಲಿ ಸ್ನಾನವೆಲ್ಲಿ, ಲಿಂಗಪೂಜೆ ಹೇಗೆ, ಪ್ರಸಾದದ ವ್ಯವಸ್ಥೆ ಏನು ಎಂದು ಒಂದೊಂದಾಗಿ ಎತ್ತಿದೆವು. ಮನೆಯವರು ಕೇಳಿಸಿಕೊಂಡು, "ಅಲ್ರೀ, ಹಿಂದಿನ ಚರಜಂಗಮರು ಯಾವ ಲಾಡ್ಜಿನ್ಯಾಗ ಖೋಲಿ ಹಿಡೀತಿದ್ರು?" ಎಂದರು. ಅಳಿಯಂದಿರ ಮುಂದೆ ನಮಗೆ ಉತ್ತರ ಹೊಳೆಯಲಿಲ್ಲ.

ಹೊರಡುವ ಮುನ್ನ ಮಗಳು ಇನ್ನೊಂದು ಮಾತು ಹೇಳಿದಳು. ದಿನವೆಲ್ಲ ಕಾರು ನಡೆಸುವವರು ಸಂಜೆ ಅಡುಗೆಯನ್ನೂ ಮಾಡುವುದು ನ್ಯಾಯವಲ್ಲ, ಒಲೆ ಅಪ್ಪಾಜಿಯವರದು. ನಾವು ನಕ್ಕು ಒಪ್ಪಿದೆವು. ಹದಿನಾರನೆಯ ವಯಸ್ಸಿಗೇ ಮಠದ ಅಡುಗೆಮನೆಯ ಸರದಿಯಲ್ಲಿ ಮುನ್ನೂರು ವಿದ್ಯಾರ್ಥಿಗಳಿಗೆ ಸಾರು ಕುದಿಸಿದ ಕೈ ಇದು, ಎಂಬ ಹೆಮ್ಮೆ ಒಳಗೆ ಇತ್ತು. ಮದುವೆಯಾದ ಮೇಲಿನ ನಾಲ್ವತ್ತು ವರ್ಷಗಳಲ್ಲಿ ಆ ಕೈ ಒಮ್ಮೆಯೂ ಒಲೆ ಹೊತ್ತಿಸಿಲ್ಲವೆಂಬುದು ಆಗ ನೆನಪಿಗೆ ಬರಲಿಲ್ಲ.

ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ನೂರಿಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ ಘಟ್ಟದ ನೆತ್ತಿಯ ಮೇಲೆ ಟೂವೂಂಬಾ ಎಂಬ ಊರಿದೆ. ಅದನ್ನು ದಾಟಿದೊಡನೆ ಡಾರ್ಲಿಂಗ್ ಡೌನ್ಸ್ ಎಂಬ ಬಯಲುಸೀಮೆ ತೆರೆದುಕೊಳ್ಳುತ್ತದೆ. ಮನೆಯವರು ಕಾರಿನ ವೇಗವನ್ನು ಇಳಿಸಿ ಬದಿಗೆ ನಿಲ್ಲಿಸಿದರು. ಕಣ್ಣು ಹರಿಯುವವರೆಗೆ ಎರೆಭೂಮಿ! ಬಿಸಿಲಿಗೆ ಬಾಯಿಬಿಟ್ಟ ಅದೇ ಕಪ್ಪು ನೆಲ. ಅದರ ಮೇಲೆ ತೆನೆ ಬಲಿತು ನಿಂತ ಜೋಳ. ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಜೀವ ಅವರದು. ಕೆಳಗಿಳಿದು ಬೇಲಿಯ ಬಳಿ ನಿಂತು ನೋಡಿಯೇ ನೋಡಿದರು. ಆದರೆ ಬೆಳೆ ಸೊಂಟದೆತ್ತರ ಮಾತ್ರ, ತೆನೆ ಕೆಂಪು. ಈ ಜೋಳ ಬಹುಪಾಲು ದನಗಳ ಮೇವಿಗೆಂದೇ ಬೆಳೆಯುವುದೆಂದು ಅಳಿಯಂದಿರು ಹೇಳಿದ್ದನ್ನು ನಾವು ತಿಳಿಸಿದೆವು.

"ಕಾಳು ದನಕ್ಕ? ಹಂಗಾರ ಮಂದಿಗೇನ, ಕಣಿಕೀ?" ಎಂದು ಅವರು ಬಹಳ ಹೊತ್ತು ಆ ಮಾತನ್ನೇ ಮಥಿಸುತ್ತ ಕಾರು ನಡೆಸಿದರು. ನಮ್ಮ ಸೀಮೆಯಲ್ಲಿ ಕಾಳು ಮನುಷ್ಯನಿಗೆ, ಕಣಿಕೆ ಎತ್ತಿಗೆ. ಒಂದೇ ಗಿಡದಲ್ಲಿ ಇಬ್ಬರ ಅನ್ನ. ಆ ಲೆಕ್ಕ ಇಲ್ಲಿ ತಲೆಕೆಳಗು.

ಡಾಲ್ಬಿ ಪಟ್ಟಣದಿಂದ ರಸ್ತೆ ಬುನ್ಯಾ ಬೆಟ್ಟಗಳಿಗೆ ಏರುತ್ತದೆ. ಸಾವಿರ ಮೀಟರಿಗೂ ಮೇಲಿನ ಎತ್ತರ. ಕೆಳಗೆ ಬೆಂದ ಬಯಲು, ಮೇಲೆ ಮಂಜು ಮುಸುಕಿದ ಕಾಡು. ಅದರ ನಡುವೆ ಅಲ್ಲಲ್ಲಿ ಮರವೇ ಇಲ್ಲದ ಹುಲ್ಲುಗಾವಲಿನ ತೇಪೆಗಳು. ಡಂಡಾಬಾ ಎಂಬಲ್ಲಿ ಡೇರೆ ಹಾಕಲು ಜಾಗವಿದೆ; ಮೊದಲೇ ಕಾದಿರಿಸಿಕೊಂಡಿರಬೇಕು. ಡೇರೆಯ ಕೋಲುಗಳನ್ನು ಜೋಡಿಸುವುದರಲ್ಲಿಯೇ ನಮಗೆ ಒಂದೂವರೆ ತಾಸು ಹಿಡಿಯಿತು. ಸುತ್ತ ವಾಲಬಿಗಳೆಂಬ ಸಣ್ಣ ಕಾಂಗರೂಗಳು ನಮ್ಮೂರಿನ ಆಡುಗಳಂತೆ ಹುಲ್ಲು ಮೇಯುತ್ತ, ನಡುನಡುವೆ ತಲೆಯೆತ್ತಿ ನಮ್ಮ ಸಾಹಸವನ್ನು ನೋಡುತ್ತಿದ್ದವು.

ಈ ಬೆಟ್ಟಕ್ಕೆ ಹೆಸರು ಬಂದುದು ಬುನ್ಯಾ ಮರದಿಂದ. ಅರಕೇರಿಯ ಎಂಬ ಕುಲಕ್ಕೆ ಸೇರಿದ ಈ ಮರದ ಪೂರ್ವಜರು ಡೈನೋಸಾರುಗಳ ಕಾಲದಿಂದ ಭೂಮಿಯ ಮೇಲೆ ಇದ್ದಾರೆ. ನೆಟ್ಟಗೆ ಏರಿದ ಬೊಡ್ಡೆ, ಗುಮ್ಮಟದಂತೆ ದುಂಡಗಾದ ನೆತ್ತಿ. ದೂರದಿಂದಲೇ ಗುರುತು ಹತ್ತುತ್ತದೆ. ಅದರ ಕಾಯಿ ಸಣ್ಣ ಹಲಸಿನಷ್ಟು ದೊಡ್ಡದು, ಹತ್ತು ಕಿಲೋದವರೆಗೂ ತೂಗಬಲ್ಲದು. ಬೇಸಿಗೆಯ ಕೊನೆಗೆ ಅದು ಕಳಚಿ ಬೀಳುವುದರಿಂದ ಮರದ ಕೆಳಗೆ ನಿಲ್ಲಬಾರದೆಂದು ಫಲಕಗಳು ಎಚ್ಚರಿಸುತ್ತವೆ. ಒಂದೊಂದು ಕಾಯಿಯಲ್ಲಿ ಐವತ್ತರಿಂದ ನೂರು ಬೀಜ.

ಮೊದಲ ಸಂಜೆ ಗ್ಯಾಸಿನ ಒಲೆ ಹೊತ್ತಿಸಿ ಅನ್ನ, ಬೇಳೆಯ ಸಾರು ಮಾಡಿದೆವು. ಮುನ್ನೂರು ಜನರ ಸಾರಿಗೆ ಉಪ್ಪೆಷ್ಟು ಎಂಬುದು ಕೈಗೆ ಗೊತ್ತು, ಇಬ್ಬರ ಸಾರಿಗೆ ಎಷ್ಟೆಂಬುದು ಗೊತ್ತಿಲ್ಲ. ಉಪ್ಪಾಯಿತು, ನೀರು ಬೆರೆಸಿದೆವು. ಹುಳಿ ಸಾಲದಾಯಿತು, ಹುಣಿಸೆಹಣ್ಣು ಕಿವುಚಿದೆವು. ಖಾರ ಹಾಕಿದೆವು, ಮತ್ತೆ ಬೇಳೆ ಬೇಯಿಸಿ ಸೇರಿಸಿದೆವು. ಕೊನೆಗೆ ಇದ್ದ ದೊಡ್ಡ ಪಾತ್ರೆ ಕಂಠಮಟ್ಟ ತುಂಬಿ ನಿಂತಿತು. ಮನೆಯವರು ಒಂದು ಮಾತನ್ನೂ ಆಡದೆ ಪಕ್ಕದ ಡೇರೆಯವರ ಬಳಿ ಹೋಗಿ ಊಟಕ್ಕೆ ಕರೆದುಬಂದರು. ಅವರು ಆ ಸೀಮೆಯ ರೈತ ದಂಪತಿಗಳು, ನಮ್ಮದೇ ಓರಗೆಯವರು. ಸಂಕೋಚವಿಲ್ಲದೆ ಬಂದು ಕುಳಿತು, ಕಣ್ಣಲ್ಲಿ ನೀರು ತಂದುಕೊಂಡು ಉಂಡರು, ಮತ್ತೆ ಬಡಿಸಿಕೊಂಡರು. ಎದ್ದುಹೋಗುವಾಗ ತಮ್ಮ ಹೊಲದ ಮರದ ಬುನ್ಯಾ ಬೀಜಗಳನ್ನು ಬೇಯಿಸಿ ತಂದಿದ್ದ ಒಂದು ಡಬ್ಬಿಯನ್ನು ನಮ್ಮ ಮುಂದಿಟ್ಟರು. ಅಭಯಾರಣ್ಯದೊಳಗೆ ಬಿದ್ದದ್ದನ್ನು ಎತ್ತಿಕೊಳ್ಳುವಂತಿಲ್ಲ, ಇದು ಮನೆಯದು ಎಂದು ಒತ್ತಿ ಹೇಳಿದರು. ಹೆಬ್ಬೆರಳಿನಷ್ಟು ದಪ್ಪನೆಯ ಬೀಜ. ರುಚಿ ಬೇಯಿಸಿದ ಹಲಸಿನ ಬೀಜದ್ದು, ಹಿಂದಿನಿಂದ ಹಸಿ ಶೇಂಗಾದ ಪರಿಮಳ.

ಆ ಬೀಜದ ಕಥೆ ದೊಡ್ಡದು. ಬುನ್ಯಾ ಮರ ಪ್ರತಿವರ್ಷ ಸ್ವಲ್ಪ ಕಾಯಿ ಬಿಟ್ಟರೂ ಸುಮಾರು ಮೂರು ವರ್ಷಕ್ಕೊಮ್ಮೆ ಸುಗ್ಗಿಯಂತೆ ಬಿಡುತ್ತದೆ. ಅಂಥ ವರ್ಷ ಈ ಬೆಟ್ಟದ ಮೂಲನಿವಾಸಿಗಳು ದೂರದೂರದ ಕುಲಗಳಿಗೆ ದೂತರನ್ನು ಕಳುಹಿಸಿ ಕರೆಯುತ್ತಿದ್ದರು. ನೂರಾರು ಕಿಲೋಮೀಟರು ನಡೆದು ಜನ ಬಂದು ಸೇರುತ್ತಿದ್ದರು. ಆ ದಿನಗಳಲ್ಲಿ ಹಳೆಯ ವೈರಗಳಿಗೆ ವಿರಾಮ. ವ್ಯಾಜ್ಯ ತೀರ್ಮಾನ, ಮದುವೆಯ ಮಾತುಕತೆ, ವಸ್ತುಗಳ ವಿನಿಮಯ, ಹಾಡು ಕುಣಿತ ಎಲ್ಲವೂ ಆ ಮರಗಳ ಕೆಳಗೆ. ಮರಗಳಿಗೆ ಮನೆತನದ ಒಡೆತನವಿತ್ತು, ತಂದೆಯಿಂದ ಮಗನಿಗೆ ಬರುತ್ತಿತ್ತು. ಆದರೆ ಫಲ ಬಂದವರಿಗೆಲ್ಲ ಸಲ್ಲುತ್ತಿತ್ತು. ಮರ ಹತ್ತಲು ಬೊಡ್ಡೆಗೆ ಕಚ್ಚು ಹಾಕಿ ಮಾಡಿದ ಮೆಟ್ಟಿಲುಗಳ ಗುರುತು ಕೆಲವು ಹಳೆಯ ಮರಗಳ ಮೇಲೆ ಈಗಲೂ ಉಳಿದಿದೆ. ಜಾತ್ರೆ, ದಾಸೋಹ ಎಂಬ ಶಬ್ದಗಳನ್ನು ನಾವು ನಮ್ಮ ನೆಲದ ಸೊತ್ತೆಂದು ಬಗೆದವರು. ಆ ಶಬ್ದಗಳನ್ನು ಎಂದೂ ಕೇಳದ ಜನ ಅವುಗಳ ಅರ್ಥವನ್ನು ಇಲ್ಲಿ ನಡೆಸಿಕೊಂಡು ಬಂದಿದ್ದರು.

1842ರಲ್ಲಿ ಗವರ್ನರ್ ಜಾರ್ಜ್ ಗಿಪ್ಸ್ ಬುನ್ಯಾ ಮರಗಳಿರುವ ಸೀಮೆಯಲ್ಲಿ ಭೂಮಿ ಹಿಡಿಯಲಿಕ್ಕೂ ಮರ ಕಡಿಯಲಿಕ್ಕೂ ಪರವಾನಗಿ ಕೊಡಬಾರದೆಂದು ಘೋಷಣೆ ಹೊರಡಿಸಿದ್ದನು. 1859ರಲ್ಲಿ ಕ್ವೀನ್ಸ್‌ಲ್ಯಾಂಡ್ ಬೇರೆ ಪ್ರಾಂತವಾಯಿತು; ಮರುವರ್ಷವೇ ಆ ರಕ್ಷಣೆ ರದ್ದಾಯಿತು. ಕೊಡಲಿ ಬಂದಿತು, ಕುರಿದನಗಳ ಹಿಂಡು ಬಂದಿತು. 1897ರ ಒಂದು ಕಾಯಿದೆಯ ಬಲದಿಂದ ಮೂಲನಿವಾಸಿಗಳನ್ನು ಅವರ ನೆಲದಿಂದ ಕಿತ್ತು ಸರಕಾರಿ ವಸತಿಗಳಿಗೆ ಸಾಗಿಸಿದರು. 1908ರಲ್ಲಿ ಈ ಬೆಟ್ಟ ರಾಷ್ಟ್ರೀಯ ಉದ್ಯಾನವಾಗುವ ಹೊತ್ತಿಗೆ ಉಣ್ಣಲು ಬರುವ ಜನರೇ ಇರಲಿಲ್ಲ. ಮರ ಉಳಿಯಿತು, ಪಂಕ್ತಿ ಎದ್ದುಹೋಯಿತು.

ಎರಡನೆಯ ದಿನ ಬೆಳಗಿನಲ್ಲಿ ಸ್ನಾನ ಮುಗಿಸಿ, ಡೇರೆಯ ಮುಂದೆ ಚಾಪೆ ಹಾಸಿಕೊಂಡು ನಾವಿಬ್ಬರೂ ಪೂಜೆಗೆ ಕುಳಿತೆವು. ಮಂಜಿನಲ್ಲಿ ವಿಭೂತಿಯ ಗಟ್ಟಿ ತೇವಗೊಂಡಿತ್ತು. ಕೆಂಪುಹಸಿರಿನ ದೊಡ್ಡ ಗಿಳಿಗಳು ಮರದಿಂದ ಮರಕ್ಕೆ ಹಾರುತ್ತಿದ್ದವು. ಕರಸ್ಥಲದ ಮೇಲೆ ದೃಷ್ಟಿ ನಿಂತಿತು. ಸ್ಥಳ ಶುದ್ಧವೋ ಅಲ್ಲವೋ ಎಂದು ಹೊರಡುವ ಮುನ್ನ ಎತ್ತಿದ ಶಂಕೆಗಳಲ್ಲಿ ಒಂದೂ ಅಲ್ಲಿಯವರೆಗೆ ಬಂದಿರಲಿಲ್ಲ.

ಅಂದು ಸಂಜೆ ರೊಟ್ಟಿ ಬಡಿಯುವುದೆಂದು ಹಠ ಹಿಡಿದೆವು. ಬ್ರಿಸ್ಬೇನಿನ ನಮ್ಮವರ ಅಂಗಡಿಯಲ್ಲಿ ಕೊಂಡ ಜೋಳದ ಹಿಟ್ಟು ಜೊತೆಗಿತ್ತು. ಎಸರಿನ ಹದ ಮನೆಯವರನ್ನು ಕೇಳಿಕೊಂಡೆವು. ಮೊದಲನೆಯದು ಹರಿಯಿತು, ಎರಡನೆಯದು ಹೊತ್ತಿತು. ಮೂರನೆಯದು ಅಂಚು ಸೀಳಿದ್ದರೂ ಉಬ್ಬಿತು. ಅದನ್ನು ಹಂಚಿನಿಂದ ತೆಗೆದು ನೇರವಾಗಿ ಅವರ ತಾಟಿಗೆ ಹಾಕಿದೆವು. ಅವರು ಮುಟ್ಟಲಿಲ್ಲ.

"ನೀವು ಕೂಡ್ರದ ನಾ ಹ್ಯಾಂಗ ಉಣ್ಲಿ?"

"ಬಡಿಯುವವರು ಕೂಡ್ರಲು ಬರುವುದಿಲ್ಲ, ಆರಿಹೋಗುತ್ತದೆ, ಉಣ್ಣು" ಎಂದೆವು.

ಅವರು ರೊಟ್ಟಿ ಮುರಿದರು. ಹಬೆ ಎದ್ದಿತು. ಒಂದು ತುತ್ತು ಬಾಯಿಗಿಟ್ಟು, ಕತ್ತಲಾಗುತ್ತಿದ್ದ ಕಾಡಿನ ಕಡೆ ನೋಡುತ್ತ, "ಬಿಸಿ ರೊಟ್ಟಿ ತವರಮನ್ಯಾಗ ಉಂಡಿದ್ದs ಕಡೀದು ನೋಡ್ರಿ" ಎಂದರು. ದೂರಿನ ಧ್ವನಿಯಲ್ಲ. ಇಂದು ತಂಪು ಹೆಚ್ಚು ಎನ್ನುವಂತೆ ಆಡಿದ ಮಾತು.

ಮೂವತ್ತು ವರ್ಷ ನಾವು ಶರಣೆಯರ ಸಮಾನತೆಯ ಬಗೆಗೆ ವ್ಯಾಖ್ಯಾನ ಕೊಟ್ಟಿದ್ದೇವೆ. ದಾಸೋಹ ತತ್ತ್ವವನ್ನು ಕುರಿತು ನಾವು ಬರೆದ ಲೇಖನಗಳನ್ನು ಪರೀಕ್ಷೆಗೆ ಓದಿದವರಿದ್ದಾರೆ. ನಮ್ಮ ಮನೆಗೆ ಬಂದ ಯಾವ ಜಂಗಮರೂ, ಯಾವ ಬಡ ವಿದ್ಯಾರ್ಥಿಯೂ ಹಸಿದು ಹೋದದ್ದಿಲ್ಲವೆಂದು ಸಭೆಗಳಲ್ಲಿ ಪರಿಚಯಿಸುವವರು ಹೇಳುವಾಗ ತಲೆಬಾಗಿ ಕೇಳಿದ್ದೇವೆ. ಶಾಲೆಯಿಂದ ಬಂದು ನಿಂತೇ ಬಡಿದ ಆ ರೊಟ್ಟಿಗಳಲ್ಲಿ ಒಂದಾದರೂ ಬಿಸಿಯಾಗಿದ್ದಾಗ ಬಡಿದವರ ತಾಟಿಗೆ ಬಿದ್ದಿತೇ ಎಂದು ಕೇಳಿಕೊಂಡಿರಲಿಲ್ಲ. ಎಲ್ಲರ ಪ್ರಸಾದವಾದ ಮೇಲೆ ಅವರು ಒಳಗೆ ಒಬ್ಬರೇ ಕುಳಿತು ತಣ್ಣಗಿನದನ್ನು ಉಣ್ಣುತ್ತಿದ್ದಾಗ ನಾವು ಹೊರಗೆ ಪಡಸಾಲೆಯಲ್ಲಿ ದಾಸೋಹದ ಚರ್ಚೆಯಲ್ಲಿರುತ್ತಿದ್ದೆವು. ಅಂದು ರಾತ್ರಿ ಮಳೆ ಬಂದಿತು. ಡೇರೆಯ ಒಂದು ಮೂಲೆ ಸೋರಿತು. ನಿದ್ರೆ ಹತ್ತದಿರುವುದಕ್ಕೆ ಅದೂ ಒಂದು ನೆಪವಾಯಿತು.

ಮುಂದಿನ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇವೆ. ಕಿಂಗರಾಯ್ ಎಂಬುದು ಶೇಂಗಾಕ್ಕೆ ಹೆಸರಾದ ಊರು. ಅಲ್ಲಿ ಹುರಿದ ಶೇಂಗಾ ಕೊಂಡು ಚಟ್ನಿ ಅರೆಯಲು ಕಲ್ಲಿಲ್ಲದೆ ಹಾಗೆಯೇ ತಿಂದೆವು. ಅಲ್ಲಿಂದ ದಕ್ಷಿಣಕ್ಕೆ ಇಳಿದು, ಮರುದಿನ ಸ್ಪ್ರಿಂಗ್‌ಬ್ರೂಕ್ ಎಂಬ ಮಳೆಕಾಡಿನ ಪ್ರಸ್ಥಭೂಮಿಯನ್ನು ಏರಿದೆವು. ಗೋಂಡ್ವಾನ ಮಳೆಕಾಡುಗಳೆಂದು ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಾಡುಗಳಲ್ಲಿ ಇದೂ ಸೇರಿದೆ. ಗೋಂಡ್ವಾನವೆಂಬ ಹೆಸರು ನಮ್ಮ ಮಧ್ಯಭಾರತದ ಗೋಂಡರ ನಾಡಿನದು. ಭರತಖಂಡವೂ ಆಸ್ಟ್ರೇಲಿಯವೂ ಒಂದಾಗಿ ಸೇರಿದ್ದ ಭೂಖಂಡವನ್ನು ಭೂವಿಜ್ಞಾನಿಗಳು ಆ ಹೆಸರಿನಿಂದ ಕರೆದರು. ಅಲ್ಲಿ ಅಂಟಾರ್ಕ್ಟಿಕ್ ಬೀಚ್ ಎಂಬ ಪಾಚಿಗಟ್ಟಿದ ವೃದ್ಧವೃಕ್ಷಗಳಿವೆ. ಹಳೆಯ ಬೊಡ್ಡೆಯ ಬುಡದಿಂದಲೇ ಹೊಸ ಕಾಂಡಗಳು ಸುತ್ತಲೂ ಚಿಗುರುತ್ತವೆ. ನಡುವಿನ ತಾಯಿಮರ ಸತ್ತು ಮಣ್ಣಾದ ಮೇಲೆಯೂ ಅದರ ಸುತ್ತ ಮರಗಳ ಬಳೆ ನಿಂತಿರುತ್ತದೆ. ಕಡೆಯ ದಿನ ಬೈರನ್ ಭೂಶಿರಕ್ಕೆ ಹೋದೆವು. ಆಸ್ಟ್ರೇಲಿಯದ ಮುಖ್ಯಭೂಮಿಯ ಪೂರ್ವದ ತುತ್ತತುದಿ ಅದು. 1901ರ ಬಿಳಿಯ ದೀಪಸ್ತಂಭವಿದೆ. ಜನವೆಲ್ಲ ಸೂರ್ಯೋದಯದ ಕಡೆಗೆ ಕ್ಯಾಮೆರಾ ಹಿಡಿದಿದ್ದರು. ಮನೆಯವರು ಪಾದರಕ್ಷೆ ಕಳಚಿ ಕೈಮುಗಿದು ನಿಂತಿದ್ದರು. ಅವರು ಏನನ್ನು ಬೇಡಿಕೊಂಡರೋ ನಾವು ಕೇಳಲಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ಸೋಮವಾರದ ಸಂಜೆಯ ಅಡುಗೆ ನಮ್ಮದೆಂದು ನಿಶ್ಚಯವಾಯಿತು. ಬಂದ ಮಿತ್ರರು ಮೊದಮೊದಲು ನಕ್ಕರು. ಒಬ್ಬಿಬ್ಬರು ವಯಸ್ಸಾದ ಮೇಲೆ ಹೀಗಾಗುವುದುಂಟೆಂದು ಸಮಾಧಾನವನ್ನೂ ಹೇಳಿದರು. ರೊಟ್ಟಿಯ ಅಂಚು ಈಗ ಸೀಳುವುದಿಲ್ಲ. ಸಾರಿನ ಅಳತೆ ಮಾತ್ರ ಇಂದಿಗೂ ಕೈಗೆ ಹತ್ತಿಲ್ಲ. ಮನೆಯವರು ತಾಟಿನ ಮುಂದೆ ಕುಳಿತಲ್ಲಿಂದಲೇ ಪಾತ್ರೆಯೊಳಗೆ ಇಣುಕಿ, "ಮತ್ತ ಮುನ್ನೂರು ಮಂದಿದು ಆಗೇತಿ, ಬಾಜೂ ಮನಿಯವ್ರನ್ನ ಕರೀರಿ" ಎನ್ನುತ್ತಾರೆ. ನಾವು ಸೌಟನ್ನು ಕೆಳಗಿಟ್ಟು ಕರೆಯಲು ಹೋಗುತ್ತೇವೆ.